ಹಳೇ ಛತ್ರದ ಮುಂದೆ ಸೋದರಮಾವ

ತಂಗಿ ಮದುವೆಯಲ್ಲೊಂದು ಎಡವಟ್ಟಾಯ್ತು. ಕರೆಯೋಲೆಯ ವೆಬ್ ಪುಟ ಮಾಡಿದ್ದು ನಾನೇ. ಮೂರು ತಿಂಗಳು ಅದನ್ನು ಮುಟ್ಟಿರಲಿಲ್ಲ. ಮದುವೆಗೆ ವಾರ ಇದೆ ಅನ್ನುವಾಗ ಛತ್ರ ಬದಲಾಯ್ತು, ಪುಟವನ್ನೂ ತಿದ್ದಿದೆ. ಆದರೂ ಮುಹೂರ್ತದ ಬೆಳಿಗ್ಗೆ ಸೋದರಮಾವನ ಫೋನು: "ಏನೋ, ಇಲ್ಲಿ ಬೀಗ ಹಾಕಿದೆಯಲ್ಲೋ!" ಹುಡುಗಿಯನ್ನು ಮಂಟಪಕ್ಕೆ ಕರೆತರಬೇಕಾದವರೇ ಅವರು!

ಸರ್ವರಿನಲ್ಲಿ ಹೊಸ ಪುಟವೇ ಇತ್ತು. ನಾನು ತಿದ್ದುವ ಹಿಂದಿನ ದಿನ ಮಾವ ಅದನ್ನು ನೋಡಿದ್ದರಂತೆ. ಅವರ ಬ್ರೌಸರು ಆ ಪ್ರತಿಯನ್ನೇ ಎತ್ತಿಟ್ಟುಕೊಂಡು ಮತ್ತೆ ತೋರಿಸಿದೆ. ಇದೇ ಕ್ಯಾಶ್. 'ಬಚ್ಚಿಡು' ಅನ್ನುವ ಫ್ರೆಂಚ್ ಪದದಿಂದ ಬಂದದ್ದು, ಹೆಸರಿಗೆ ತಕ್ಕ ಗುಣ :)

ಹೀಗೆ ಎತ್ತಿಡುವ ಚಟ ವೆಬ್‌ನಷ್ಟೇ ಹಳೆಯದು ಅನ್ನಬಹುದು. 1994ರ ಹೊತ್ತಿಗೇ, ವೆಬ್ ಹುಟ್ಟಿದ ಸರ್ನ್ ಪ್ರಯೋಗಾಲಯದ ಪ್ರಾಕ್ಸಿ ತಂತ್ರಾಂಶ ಒಬ್ಬರಿಗೆ ತಂದ ಪುಟವನ್ನು ಇಟ್ಟುಕೊಂಡು ಮುಂದಿನವರಿಗೂ ಬಡಿಸುತ್ತಿತ್ತು. ಲೈನು ಅಷ್ಟು ಕಿರಿದು. ನಮ್ಮಲ್ಲಿ 1995ರ ಆಗಸ್ಟ್ 15ಕ್ಕೆ ವಿಎಸ್‌ಎನ್‌ಎಲ್ ಜನರಿಗೆ ಇಂಟರ್ನೆಟ್ ಕೊಟ್ಟಾಗ ಡಯಲಪ್ಪಿನ ವೇಗ ಸೆಕೆಂಡಿಗೆ 9.6 ಕಿಲೋಬಿಟ್!

ಎತ್ತಿಟ್ಟದ್ದು ಹಳಸಿದೆಯೋ ಇಲ್ಲವೋ ತಿಳಿಯೋದು ಹೇಗೆ? 1996ರ ಮೇ ತಿಂಗಳಲ್ಲಿ ಬಂದ ಎಚ್‌ಟಿಟಿಪಿ 1.0 ದಾಖಲೆಯಲ್ಲಿ ಒಂದು ದಾರಿ ಇದೆ. "ಈ ತಾರೀಖಿನ ನಂತರ ಬದಲಾಗಿದ್ದರೆ ಮಾತ್ರ ಕೊಡು" ಅಂತ ಬ್ರೌಸರು ಕೇಳುತ್ತೆ, ಬದಲಾಗದಿದ್ದರೆ ಸರ್ವರು 304 ಅಂತ ಉತ್ತರ ಕೊಡುತ್ತೆ. ಆದರೆ ಕೇಳೋದಕ್ಕೂ ಒಮ್ಮೆ ಹೋಗಿಬರಬೇಕಲ್ಲ! ಅದಕ್ಕೆ 1997ರ 1.1ರಲ್ಲಿ ಕ್ಯಾಶ್-ಕಂಟ್ರೋಲ್ ಬಂತು: ಇಷ್ಟು ಸೆಕೆಂಡು ಕೇಳದೇ ಬಳಸಿಕೋ, ಅಂತ ಸರ್ವರೇ ಹೇಳಬಹುದು.

ಏನೂ ಹೇಳದ ನನ್ನಂಥವರ ಪುಟಕ್ಕೆ? ಅಲ್ಲೇ ಇರೋದು ಮಜಾ. ಆಗ ಬ್ರೌಸರು ಅಂದಾಜು ಕಟ್ಟುತ್ತೆ. ಪುಟ ಕೊನೆಯ ಬಾರಿ ಬದಲಾಗಿ ಎಷ್ಟು ದಿನವಾಯ್ತೋ ಅದರ ಹತ್ತನೇ ಒಂದು ಪಾಲು ತಾಜಾ ಅಂತ ಎಣಿಸೋದು ವಾಡಿಕೆ ಅಂತ 1999ರ ಆರ್‌ಎಫ್‌ಸಿ 2616 ಹೇಳುತ್ತೆ. 2022ರ ಆರ್‌ಎಫ್‌ಸಿ 9111ರಲ್ಲೂ ಆ ಮಾತು ಹಾಗೇ ಇದೆ. ಇಷ್ಟು ದಿನ ಬದಲಾಗದ್ದು ಇನ್ನೂ ಸ್ವಲ್ಪ ದಿನ ಬದಲಾಗಲಿಕ್ಕಿಲ್ಲ ಅನ್ನುವ ನಂಬಿಕೆ. ಅಂದರೆ ಪುಟ ಹಳೆಯದಾದಷ್ಟೂ ನಮ್ಮ ತಿದ್ದುಪಡಿ ಹೆಚ್ಚು ದಿನ ಬಚ್ಚಿಟ್ಟುಕೊಂಡಿರುತ್ತೆ! ತೊಂಬತ್ತು ದಿನದ ಪುಟಕ್ಕೆ ಒಂಬತ್ತು ದಿನ. ಲೆಕ್ಕ ಹಾಕಿ ನೋಡಿದೆ, ಮಾವನ ವಿಷಯದಲ್ಲಿ ಸರಿಯಾಗೇ ಕೂತಿತು.

ಈಗ 'ನೋ-ಕ್ಯಾಶ್' ಅಂತ ಒಂದು ಸಾಲು ಹಾಕಿದ್ದೇನೆ. (ಅದರರ್ಥ ಇಟ್ಟುಕೊಳ್ಳಬೇಡ ಅಂತಲ್ಲ, ಕೇಳದೇ ಬಳಸಬೇಡ ಅಂತ. ಹೆಸರಿಟ್ಟವರಿಗೊಂದು ನಮಸ್ಕಾರ.)

ಮುಹೂರ್ತಕ್ಕೆ ಹತ್ತು ನಿಮಿಷ ಇರುವಾಗ ಮಾವ ಬೆವರುತ್ತಾ ಬಂದರು. ಊಟದ ಪಂಕ್ತಿಯಲ್ಲಿ ಪಕ್ಕ ಕೂತು ಈ ಇತಿಹಾಸವನ್ನೆಲ್ಲ ಒಪ್ಪಿಸಿದೆ. ಪೂರ್ತಿ ಕೇಳಿಸಿಕೊಂಡು, "ಅಲ್ವೋ, ಒಂದು ಫೋನ್ ಮಾಡೋಕೆ ಏನಾಗಿತ್ತು ನಿಂಗೆ?" ಅಂದರು.