ನೆಲದೊಳಗಿನ ಕಣಜ

ರಾಯಚೂರು ದೋಆಬಿನ ಚರಿತ್ರೆಯನ್ನು ನಾವು ಕೋಟೆಗಳ ಚರಿತ್ರೆಯಾಗಿಯೇ ಓದಿರುವೆವು. ಆದರೆ ಗಿಲ್ಲೆಸುಗೂರಿನ ಸುತ್ತಣ ಒಕ್ಕಲಿಗನಿಗೆ, 1520ರಲ್ಲಿ ಕೋಟೆ ಯಾರ ಕೈಸೇರಿತೆಂಬುದಕ್ಕಿಂತ ಜೋಳವನ್ನು ಎಲ್ಲಿಟ್ಟರೆ ಕೆಡದೆಂಬುದೇ ದೊಡ್ಡ ಪ್ರಶ್ನೆಯಾಗಿದ್ದಿರಬೇಕು.

ನಿತ್ಯದ ಬಳಕೆಗೆ ಮಣ್ಣಿನ ಗುಡಾಣ, ಬಿದಿರಿನ ಕಣಜ ಸಾಕು. ವರುಷಗಟ್ಟಲೆ ಇಡುವ ಕಾಳಿಗೆ ಹಗೇವೇ ಬೇಕಾಗಿದ್ದಿತು. ಪಟ್ಟಣದ ಶ್ರೋತೃಗಳಿಗೆ ಈ ಮಾತು ಹೊಸದಿರಬಹುದು. ಹಗೇವೆಂದರೆ ಕಾಳು ತುಂಬುವ ನೆಲದ ಗುಂಡಿ. ಎರೆಯ ನೆಲ ಬೇಸಗೆಯಲ್ಲಿ ಬಿರಿದು ಮಳೆಯಲ್ಲಿ ನೀರು ಹೀರುವುದರಿಂದ, ಎತ್ತರದ ಗಟ್ಟಿ ಗರಸಿನ ನೆಲವನ್ನಾರಿಸಿ ಅಗೆಯುತ್ತಿದ್ದರು. ಒಳಗೆ ಹುಲ್ಲು ಹೊದಿಸಿ, ಚೆನ್ನಾಗಿ ಒಣಗಿದ ಕಾಳು ತುಂಬಿ, ಬಾಯಿಗೆ ಚಪ್ಪಡಿಯಿಟ್ಟು ಮಣ್ಣು ಮೆತ್ತುತ್ತಿದ್ದರು. ಕಾಳೂ ಹುಳುವೂ ಉಸಿರಾಡಿ ಒಳಗಿನ ಆಮ್ಲಜನಕ ತೀರಿದೊಡನೆ ಹುಳು ಸಾಯುವುದು. ಮಾಲ್ಟಾ ದ್ವೀಪದ ಫ್ಲೋರಿಯಾನದಲ್ಲಿಯೂ ಇಂತಹ ನೆಲದಡಿಯ ಕಣಜಗಳುಂಟು.

ಕಾಳನ್ನು ಕಾಯುವ ಆ ಗಾಳಿಯೇ ಮನುಷ್ಯನಿಗೆ ಮೃತ್ಯು. ತೆರೆದೊಡನೆ ಇಳಿದು ಸತ್ತವರುಂಟು. ಬಹಳ ಹೊತ್ತು ಬಾಯಿ ತೆರೆದಿಟ್ಟು, ದೀಪವನ್ನಿಳಿಸಿ ನೋಡುವುದು ವಾಡಿಕೆ. ನಂದಿದರೆ ಯಾರೂ ಇಳಿಯಕೂಡದು. ಉರಿದರೂ ಅಪಾಯವಿಲ್ಲವೆಂದು ನಂಬಲಾಗದು, ಎನ್ನುತ್ತದೆ ವಿಜ್ಞಾನ.

1871ರಲ್ಲಿ ರಾಯಚೂರಿಗೆ ರೈಲು ಬಂದಿತು. ಐದೇ ವರುಷಕ್ಕೆ, 1876–78ರ ಕ್ಷಾಮ. ರೈಲು ಕಾಳನ್ನು ತರಬಲ್ಲುದು, ಆದರೆ ಅದನ್ನು ಕೊಳ್ಳಲು ಹಣ ಬೇಕು. ಹಗೇವಿನ ಜೋಳಕ್ಕೆ ಪೇಟೆಯ ಧಾರಣೆಯ ಹಂಗಿಲ್ಲ. ಆದರೆ ಹಗೇವು ಹೊಲವಿದ್ದವನ ಸೊತ್ತು. ಕೂಲಿಯವನ ಮನೆಯಲ್ಲಿ ತುಂಬಿಡಲು ಕಾಳೇ ಇರಲಿಲ್ಲ.