ಮಾಡಿಸಿದವರ ಹೆಸರಿದೆ, ಮಾಡಿದವರದ್ದು ಎಲ್ಲಿ?

ರಾಯಚೂರು ಬಸ್ ನಿಲ್ದಾಣದ ಹತ್ತಿರವೇ ಕೋಟೆ ಇದೆ. ಅದರ ಗೋಡೆಯಲ್ಲಿ 41 ಅಡಿ 8 ಇಂಚು ಉದ್ದದ ಒಂದೇ ಕಲ್ಲು, ಅದರ ಮೇಲೆ ಕಾಕತೀಯರ ಕಾಲದ, 1294ರ ತೆಲುಗು ಶಾಸನ. ಪಕ್ಕದಲ್ಲೇ ಗೀರಿದ ಒಂದು ಚಿತ್ರವೂ ಇದೆ: ಬಂಡಿಯ ಮೇಲೆ ಇದೇ ಕಲ್ಲು, ಎಳೆಯುತ್ತಿರುವ ಕೋಣಗಳ ಉದ್ದನೆಯ ಸಾಲು, ಜೊತೆಗೆ ದುಡಿಯುವ ಜನ. ಎಂಜಿನಿಯರಿಂಗ್ ಓದಿದ ನನಗೆ ಶಾಸನಕ್ಕಿಂತ ಈ ಚಿತ್ರವೇ ಇಷ್ಟ. ಆದರೆ ಇದಕ್ಕೆ ಕೈಮುಗಿಯಲು ಯಾರೂ ಬರೋದಿಲ್ಲ.

ಜನ ಸಾಲುಗಟ್ಟಿ ಹೋಗಿ ಕೈಮುಗಿಯುವ ಕಲ್ಲು ಹಾಸನ ಜಿಲ್ಲೆಯ ಶ್ರವಣಬೆಳಗೊಳದಲ್ಲಿದೆ. ವಿಂಧ್ಯಗಿರಿಯ 600ಕ್ಕೂ ಹೆಚ್ಚು ಮೆಟ್ಟಿಲು ಹತ್ತಿದರೆ ಸುಮಾರು 58 ಅಡಿಯ ಗೊಮ್ಮಟ. ಅಣ್ಣ ಭರತನನ್ನು ಗೆದ್ದೂ ರಾಜ್ಯ ಬಿಟ್ಟುಕೊಟ್ಟ ಬಾಹುಬಲಿ ಈತ. ಗಂಗರ ಮಂತ್ರಿ ಚಾವುಂಡರಾಯ ಸುಮಾರು 981ರಲ್ಲಿ ಇದನ್ನು ಮಾಡಿಸಿದ. ಇಲ್ಲಿ ಕಲ್ಲು ಸಾಗಿಸುವ ಪ್ರಶ್ನೆಯೇ ಇರಲಿಲ್ಲ, ಬೆಟ್ಟದ ತುದಿಯ ಬಂಡೆಯನ್ನೇ ಕಡೆದರು. ತೊಡೆಯವರೆಗೆ ಹುತ್ತ, ಬಳ್ಳಿಗಳ ಆಸರೆ; ಅದರ ಮೇಲೆ ಯಾವ ಆಸರೆಯೂ ಇಲ್ಲ. ಕಾಲಿನ ಬಳಿ ಭಾರ ತಡೆಯಲು ಹುತ್ತವನ್ನೇ ಬಳಸಿಕೊಂಡ ಲೆಕ್ಕಾಚಾರ ನೋಡಿ! ಕಥೆಗೂ ಸರಿ, ಕಟ್ಟೋಣಕ್ಕೂ ಸರಿ.

ಇಂದು ಇದು ಕೇಂದ್ರ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕ, ಜೊತೆಗೆ ಜೈನರ ಜೀವಂತ ಯಾತ್ರಾಸ್ಥಳ. ಸಾಮಾನ್ಯವಾಗಿ 12 ವರ್ಷಕ್ಕೊಮ್ಮೆ ಮಹಾಮಸ್ತಕಾಭಿಷೇಕ ನಡೆಯುತ್ತದೆ. 2006, 2018ರಲ್ಲಿ ಆಯಿತು, ಲೆಕ್ಕದ ಪ್ರಕಾರ ಮುಂದಿನದು 2030ಕ್ಕೆ. ಅಟ್ಟಣಿಗೆ ಕಟ್ಟಿ ಹಾಲು, ಅರಿಶಿನ, ಚಂದನ ಸುರಿಯುತ್ತಾರೆ. ಮೊದಲ ಕಲಶಗಳು ದೊಡ್ಡ ಮೊತ್ತ ಕೊಟ್ಟವರ ಪಾಲು. ಎಲ್ಲವನ್ನೂ ಬಿಟ್ಟವನ ತಲೆಯ ಮೇಲೆ ಸುರಿಯುವ ನೀರಿಗೂ ಸರದಿ, ಅದಕ್ಕೂ ದರ.

ವಿಗ್ರಹದ ಪಾದದ ಬಳಿಯ ಶಾಸನಗಳು ಇದನ್ನು ಚಾವುಂಡರಾಯ ಮಾಡಿಸಿದ ಎನ್ನುತ್ತವೆ. ಉಳಿ ಹಿಡಿದವರ ಹೆಸರು ಅವುಗಳಲ್ಲಿಲ್ಲ. ಆದರೆ ಜನ ಬೇರೊಂದು ಕಥೆ ಉಳಿಸಿಕೊಂಡರು. ಚಾವುಂಡರಾಯ ಕೊಡಗಟ್ಟಲೆ ಹಾಲು ಸುರಿದರೂ ಅದು ಪಾದ ಮುಟ್ಟಲಿಲ್ಲವಂತೆ. ಬಡ ಮುದುಕಿಯೊಬ್ಬಳು ಗುಳ್ಳಕಾಯಿಯಲ್ಲಿ ತಂದ ಒಂದಿಷ್ಟು ಹಾಲು ಪಾದದವರೆಗೂ ಹರಿಯಿತಂತೆ. ಆ ಗುಳ್ಳಕಾಯಜ್ಜಿಯ ಮೂರ್ತಿ ಇಂದಿಗೂ ಗೊಮ್ಮಟನಿಗೆ ಎದುರಾಗಿ ನಿಂತಿದೆ. ಇದು ಇತಿಹಾಸವಲ್ಲ ಅಂತ ತಳ್ಳಿಹಾಕಬಹುದು. ನನಗೆ ಮಾತ್ರ ಇದು ಶಾಸನ ಬಿಟ್ಟುಹೋದದ್ದನ್ನು ಜನ ತಾವೇ ಸೇರಿಸಿದ ಸಾಲು.

ನಮ್ಮ ದೇವದುರ್ಗ, ಮಾನ್ವಿ ಕಡೆಯಿಂದ ಈಗಲೂ ಕುಟುಂಬಗಳು ಬೆಂಗಳೂರಿಗೆ ಗುಳೆ ಹೋಗಿ ಕಟ್ಟಡ ಕಟ್ಟುತ್ತವೆ. ಉದ್ಘಾಟನೆಯ ಫಲಕದಲ್ಲಿ ಇರೋದು ಮಂತ್ರಿಗಳ ಹೆಸರು. ಹಾಗಾಗಿ ಗೊಮ್ಮಟನ ಮುಂದೆ ತಲೆಯೆತ್ತಿ ನೋಡಿದ ಮೇಲೆ ಒಮ್ಮೆ ಹಿಂದಿರುಗಿ ಅಜ್ಜಿಯನ್ನೂ ನೋಡಿ. ರಾಯಚೂರಿಗೆ ಬಂದರೆ ಆ ಬಂಡಿಯ ಚಿತ್ರದ ಮುಂದೆ ಎರಡು ನಿಮಿಷ ನಿಲ್ಲಿ. ಅಲ್ಲೂ ಹೆಸರಿಲ್ಲ, ಖರೆ. ಆದರೆ ಆ ಭಾರ ಎಳೆದವರು ಇದ್ದರು ಅನ್ನೋದನ್ನಾದರೂ ಆ ಕಲ್ಲು ಒಪ್ಪಿಕೊಂಡಿದೆ.