ಬೇಸಿಗೆಯಲ್ಲಿ ಬೆಳ್ಳಗಾಗುವ ಬೆಂಗಳೂರು

1884ರ ಜನವರಿ 13ರಂದು ಬೆಂಗಳೂರಿನ ಉಷ್ಣಾಂಶ 7.8 ಡಿಗ್ರಿ ಸೆಲ್ಸಿಯಸ್‌ಗೆ ಇಳಿಯಿತು. ಫ್ಯಾರನ್‌ಹೀಟ್ ಲೆಕ್ಕದಲ್ಲಿ 46. ಹವಾಮಾನ ಇಲಾಖೆಯ ದಾಖಲೆಯಲ್ಲಿ ಈ ಊರಿನ ಕನಿಷ್ಠ ಉಷ್ಣಾಂಶ ಇಂದಿಗೂ ಅದೇ. ನೂರನಲವತ್ತು ವರ್ಷ ಕಳೆದರೂ ಅದನ್ನು ಮೀರಿಸುವ ಚಳಿ ಬಂದಿಲ್ಲ. ನೆಲದ ಮೇಲೆ ಹಿಮ ಬಿದ್ದು ನಿಲ್ಲಬೇಕಾದರೆ ಗಾಳಿ ಸೊನ್ನೆಯ ಆಸುಪಾಸಿಗೆ ತಣಿಯಬೇಕು. ಬೆಂಗಳೂರಿನ ಮಾಗಿಗೆ ಅಷ್ಟು ಕಸುವಿಲ್ಲ.

ಆದರೂ ಅಂಗಳ ಬೆಳ್ಳಗಾದದ್ದನ್ನು ಕಣ್ಣಾರೆ ಕಂಡವರು ಇಲ್ಲಿನ ಹಳೆಯ ಬಡಾವಣೆಗಳಲ್ಲೆಲ್ಲ ಸಿಗುತ್ತಾರೆ. ಅವರು ಕಂಡದ್ದು ಜನವರಿಯಲ್ಲಲ್ಲ, ಮಾವಿನಕಾಯಿಯ ಕಾಲದಲ್ಲಿ.

ಆಲಿಕಲ್ಲು ಮಳೆಗೆ ತನ್ನದೇ ಒಂದು ಕ್ರಮವಿದೆ. ಏಪ್ರಿಲ್‌ನ ಮಧ್ಯಾಹ್ನ ಬಿಸಿಲು ನೆತ್ತಿ ಸುಡುತ್ತಿರುತ್ತದೆ. ಮೂರು ಗಂಟೆಯ ಮೇಲೆ ಕನಕಪುರ ರಸ್ತೆಯ ಆಚೆ ಮೋಡ ಕಪ್ಪಗಟ್ಟಿ, ಧೂಳೆಬ್ಬಿಸುವ ತಣ್ಣನೆಯ ಗಾಳಿ ಬೀಸುತ್ತದೆ. ದಪ್ಪ ಹನಿಗಳ ಬೆನ್ನಿಗೇ ಶೀಟಿನ ಮಾಡುಗಳ ಮೇಲೆ ಪಟಪಟ ಸದ್ದು. ವಸಂತಪುರದ ವಸಂತ ವಲ್ಲಭರಾಯಸ್ವಾಮಿ ದೇವಸ್ಥಾನದ ಗುಡ್ಡ ಮಳೆಯಲ್ಲಿ ಕಾಣದಂತಾಗುತ್ತದೆ. ಮಕ್ಕಳು ಸ್ಟೀಲ್ ಲೋಟ ಹಿಡಿದು ಅಂಗಳಕ್ಕೆ ಓಡುತ್ತಾರೆ, ಹಿಂದೆಯೇ ಅಜ್ಜಿಯರ ಕೂಗು: ‘ತಲೆ ಮೇಲೆ ಬಿದ್ದೀತು, ಒಳಗೆ ಬನ್ರೋ!’ ಹತ್ತು ನಿಮಿಷ ಕಳೆದರೆ ಹೊಂಗೆಯ ಹೂವು, ಹರಿದ ಎಲೆ, ಆಲಿಕಲ್ಲು ಎಲ್ಲ ಒಂದಾಗಿ ಚರಂಡಿಯ ಅಂಚಿನಲ್ಲಿ ಬೆಳ್ಳನೆಯ ಪಟ್ಟಿಯಾಗಿರುತ್ತವೆ. ಲೋಟದಲ್ಲಿರುವುದು ಆಗಲೇ ಅರ್ಧ ನೀರು.

ಸುಡುಬೇಸಿಗೆಯಲ್ಲಿ ಈ ಮಂಜುಗಡ್ಡೆ ಎಲ್ಲಿಂದ ಬರುತ್ತದೆ? ಕಾದ ನೆಲದಿಂದ ಗಾಳಿ ರಭಸವಾಗಿ ಮೇಲೇರುತ್ತದೆ. ಮಾರ್ಚ್‌ನಿಂದ ಮೇವರೆಗೆ ಸಮುದ್ರದ ತೇವವೂ ಒಳನಾಡಿನ ಒಣಗಾಳಿಯೂ ಈ ಪ್ರಸ್ಥಭೂಮಿಯ ಮೇಲೆ ಸಂಧಿಸಿದರೆ ಮೋಡಗಳು ಹತ್ತು ಕಿಲೋಮೀಟರಿಗೂ ಎತ್ತರಕ್ಕೆ ಬೆಳೆಯುತ್ತವೆ. ಸುಮಾರು ಐದು ಕಿಲೋಮೀಟರಿನ ಮೇಲೆ ಉಷ್ಣಾಂಶ ಸೊನ್ನೆಗಿಂತ ಕೆಳಗೆ. ಅಲ್ಲಿ ಹೆಪ್ಪುಗಟ್ಟಿದ ಕಣಗಳಿಗೆ ತಣ್ಣನೆಯ ನೀರಹನಿಗಳು ಮೆತ್ತಿಕೊಳ್ಳುತ್ತ, ಗಾಳಿಗೆ ಹೊರಲಾಗದಷ್ಟು ಭಾರವಾದಾಗ ಕೆಳಗೆ ಬೀಳುತ್ತವೆ. ದೊಡ್ಡ ಆಲಿಕಲ್ಲನ್ನು ಕೊಯ್ದು ನೋಡಿದರೆ ಈರುಳ್ಳಿಯಂತೆ ಪದರ ಪದರ: ಒಂದು ಬಿಳಿ, ಒಂದು ತಿಳಿ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿರುವುದರಿಂದ ಬೀಳುವ ದಾರಿಯೂ ಅಷ್ಟು ಕಿರಿದು. ಕರಾವಳಿಗೆ ಮುಟ್ಟುವಷ್ಟರಲ್ಲಿ ಕರಗಿಹೋಗುವ ಕಲ್ಲು ಇಲ್ಲಿ ಕಲ್ಲಾಗಿಯೇ ಉಳಿದೀತು.

ನಿಜವಾದ ಹಿಮ ಎಂದೋ ಒಮ್ಮೆ ಬೀಳುವ ಊರು ನೋಡಬೇಕೆಂದರೆ ಬೆಂಗಳೂರಿನ ಸೋದರಿ ನಗರವಾದ ಸ್ಯಾನ್ ಫ್ರಾನ್ಸಿಸ್ಕೋ ಇದೆ. ಅಲ್ಲಿನ ಚಳಿಗಾಲವೂ ಮೃದು. 1887ರ ಫೆಬ್ರುವರಿ 5ರಂದು ಆ ನಗರದ ನಡುಭಾಗದಲ್ಲಿ 3.7 ಅಂಗುಲ ಹಿಮ ಬಿತ್ತು. ಸರಿಯಾಗಿ 89 ವರ್ಷಗಳ ನಂತರ, 1976ರಲ್ಲಿ, ಅದೇ ಫೆಬ್ರುವರಿ 5ರಂದು ಸುಮಾರು ಒಂದು ಅಂಗುಲ. ಕ್ಷಣಕಾಲದ ಹಿಮವನ್ನು ಆ ಊರು ತಾರೀಖು, ಅಂಗುಲ ಸಮೇತ ನೆನಪಿಟ್ಟುಕೊಂಡಿದೆ.

ಬೆಂಗಳೂರಿನಲ್ಲೂ ಬರೆದಿಡುವವರಿಗೆ ಕೊರತೆಯಿರಲಿಲ್ಲ. 1890ರ ದಶಕದಲ್ಲಿ ಸೆಂಟ್ರಲ್ ಕಾಲೇಜಿನ ಪ್ರಾಂಶುಪಾಲರಾಗಿದ್ದ ಜಾನ್ ಕುಕ್ ಅವರ ಮೇಲ್ವಿಚಾರಣೆಯಲ್ಲಿ ಮೈಸೂರು ಸಂಸ್ಥಾನ ತನ್ನದೇ ಹವಾಮಾನ ಇಲಾಖೆಯನ್ನು ನಡೆಸಿತು. ಬೆಂಗಳೂರಲ್ಲದೆ ಮೈಸೂರು, ಹಾಸನ, ಚಿತ್ರದುರ್ಗಗಳಲ್ಲೂ ವೀಕ್ಷಣಾಲಯಗಳಿದ್ದವು. ಇಂದು ಯಲಹಂಕದಲ್ಲಿರುವ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿಗಳ ಮಟ್ಟದವರೆಗೂ ಮಳೆಮಾಪಕಗಳನ್ನು ಇಟ್ಟಿದೆ. ಆದರೆ ಮಳೆಮಾಪಕ ಲೆಕ್ಕ ಹಾಕುವುದು ನೀರನ್ನು. ಆಲಿಕಲ್ಲು ಅದರ ಅಂಚಿಗೆ ಬಡಿದು ಹೊರಗೆ ಹಾರುತ್ತದೆ, ಇಲ್ಲವೇ ಕರಗಿ ಬರಿಯ ಮಳೆಯ ಲೆಕ್ಕಕ್ಕೆ ಸೇರುತ್ತದೆ. ಒಂದು ಮೋಡ ಆಲಿಕಲ್ಲು ಸುರಿಸುವ ಜಾಗವೂ ಎಷ್ಟೋ ಸಲ ಕೆಲವೇ ಕಿಲೋಮೀಟರಿನಷ್ಟು. ವಸಂತಪುರ ಬೆಳ್ಳಗಾದ ದಿನ ಅರಮನೆ ರಸ್ತೆಯ ಹವಾಮಾನ ಕೇಂದ್ರದಲ್ಲಿ ಒಂದು ಕಲ್ಲೂ ಬೀಳದಿರಬಹುದು.

ಹೀಗೆ ದಾಖಲೆ ತಪ್ಪಿಸಿಕೊಳ್ಳುವ ಮಳೆ ನಷ್ಟವನ್ನು ಮಾತ್ರ ಉಳಿಸಿಯೇ ಹೋಗುತ್ತದೆ. ಒಂದು ಏಟು ತಿಂದ ಶ್ರೀನಿವಾಸಪುರದ ಮಾವಿನಕಾಯಿ ಕಪ್ಪು ಕಲೆ ಬಿದ್ದು ಮಂಡಿಯಲ್ಲಿ ಬೆಲೆ ಕಳೆದುಕೊಳ್ಳುತ್ತದೆ. ಚಿಕ್ಕಬಳ್ಳಾಪುರದ ದ್ರಾಕ್ಷಿ ಗೊಂಚಲೂ ಅಷ್ಟೇ, ಒಡೆದ ಹಣ್ಣಿನಿಂದ ಕೊಳೆ ಶುರುವಾಗುತ್ತದೆ. 2021ರ ಫೆಬ್ರುವರಿಯಲ್ಲಿ ಕೊಡಗಿನ ಶನಿವಾರಸಂತೆ ಸುತ್ತಮುತ್ತ ನೆಲವೆಲ್ಲ ಬೆಳ್ಳಗಾದ ಚಿತ್ರಗಳನ್ನು ಜನ ಕಾಶ್ಮೀರಕ್ಕೆ ಹೋಲಿಸಿದರು. ಅಲ್ಲಿನ ಕಾಫಿ ಬೆಳೆಗಾರರಿಗೆ ಅದು ಬೆಳೆನಷ್ಟ. ಜೀವವೂ ಹೋದದ್ದುಂಟು. 1888ರ ಏಪ್ರಿಲ್ 30ರಂದು ಉತ್ತರ ಪ್ರದೇಶದ ಮೊರಾದಾಬಾದ್ ಬಳಿ ಆಲಿಕಲ್ಲು ಮಳೆಗೆ 246 ಜನ ಬಲಿಯಾದರು. ವಿಶ್ವ ಹವಾಮಾನ ಸಂಸ್ಥೆಯ ದಾಖಲೆಯಲ್ಲಿ ಇದಕ್ಕಿಂತ ಹೆಚ್ಚು ಜೀವ ತೆಗೆದ ಆಲಿಕಲ್ಲು ಮಳೆ ಇನ್ನೊಂದಿಲ್ಲ. 2023ರ ಮೇ 21ರ ಭಾನುವಾರ ಬೆಂಗಳೂರಿನಲ್ಲಿ ಗಾಳಿ, ಮಳೆ, ಆಲಿಕಲ್ಲು ಒಟ್ಟಿಗೆ ಬಂದವು. ಕೆ.ಆರ್. ವೃತ್ತದ ಅಂಡರ್‌ಪಾಸ್‌ನಲ್ಲಿ ತುಂಬಿದ ನೀರಿಗೆ ಕಾರು ಸಿಲುಕಿ ಯುವತಿಯೊಬ್ಬರು ಪ್ರಾಣ ಕಳೆದುಕೊಂಡರು.

ಬಡಾವಣೆಯ ಜನರೇ ಬರೆದಿಟ್ಟರೆ ದಾಖಲೆಯ ಈ ಕೊರತೆ ತುಂಬುತ್ತದೆ. ಆಲಿಕಲ್ಲು ಬಿದ್ದಾಗ ಮಳೆ ನಿಲ್ಲುವವರೆಗೂ ಸೂರಿನಡಿಯಲ್ಲಿರಿ. ಆಮೇಲೆ ಕರಗುವ ಮೊದಲೇ ಒಂದು ಕಲ್ಲನ್ನು ಐದು ರೂಪಾಯಿ ನಾಣ್ಯದ ಪಕ್ಕದಲ್ಲಿಟ್ಟು ಫೋಟೊ ತೆಗೆಯಿರಿ. ತಾರೀಖು, ಶುರುವಾದ ಮತ್ತು ನಿಂತ ಸಮಯ, ಬೀದಿಯ ಹೆಸರು ಬರೆಯಿರಿ. ಜಯನಗರ, ಬನಶಂಕರಿ, ಜೆ.ಪಿ. ನಗರಗಳಲ್ಲಿ ಬೆಳೆದ ಹಿರಿಯರ ಹಳೆಯ ಡೈರಿಗಳಲ್ಲಿ, ಆಲ್ಬಮ್‌ಗಳಲ್ಲಿ ಇಂಥ ದಿನಗಳ ಗುರುತಿದ್ದರೆ ನಿಮ್ಮ ಬಡಾವಣೆಯ ನಿವಾಸಿಗಳ ಸಂಘಕ್ಕೆ ತಲುಪಿಸಿ. ಬಂದದ್ದನ್ನೆಲ್ಲ ವರ್ಷವಾರು ಜೋಡಿಸಿದರೆ ದಕ್ಷಿಣ ಬೆಂಗಳೂರಿನ ಆಲಿಕಲ್ಲು ಮಳೆಯ ಪಟ್ಟಿಯೊಂದು ಸಿದ್ಧವಾಗುತ್ತದೆ.